ತೊಟ್ಟಿಲಿಗೆ ಬಿಟ್ಟ ಷೇರು

ನಮ್ಮ ಅತ್ತೆ ತಮ್ಮ ಆಯುಷ್ಯದಲ್ಲಿ ಯಾರ ಮುಂದೆಯೂ ಕೈ ಚಾಚಿದವರಲ್ಲ. ಗಂಡನ ಮುಂದೆ ಚಾಚಲಿಲ್ಲ, ಇಬ್ಬರು ಗಂಡುಮಕ್ಕಳ ಮುಂದೆಯಂತೂ ಇಲ್ಲವೇ ಇಲ್ಲ. ಎಲೆ ಅಡಿಕೆಗೆ, ದವಾಖಾನೆಗೆ, ಮಗಳ ಮನೆಗೆ ಹೋಗುವಾಗ ಒಯ್ಯುವ ಸೀರೆ ಕುಪ್ಪಸಕ್ಕೆ, ಎಲ್ಲಕ್ಕೂ ಅವರ ಕುರಿಗಳಿದ್ದವು. ಮದುವೆಯಲ್ಲಿ ತವರಿನವರು ಕೊಟ್ಟ ಒಂದು ಹೆಣ್ಣು ಕುರಿಯ ಸಂತಾನ ಅದು. ದೇವಾಪುರದಲ್ಲಿ ಅವರ ಹಿರಿಯ ಮಗನ, ಅಂದರೆ ನಮ್ಮ ಭಾವನ ಹಿಂಡಿನೊಳಗೆ ಮೇಯುತ್ತಿದ್ದರೂ ಅವು ಅತ್ತೆಯವೇ. ಎಡಗಿವಿ ಸೀಳಿದ ಗುರುತು ನೋಡಿದರೆ ಸಾಕು, ಊರಿಗೆಲ್ಲ ತಿಳಿಯುತ್ತಿತ್ತು. ಕಾಯ್ದದ್ದಕ್ಕೆ ಭಾವನಿಗೆ ಹುಟ್ಟಿದ ಮರಿಗಳಲ್ಲಿ ಅರ್ಧ ಪಾಲು. ಹೊಟ್ಟೆಯಲ್ಲಿ ಹುಟ್ಟಿದ ಮಗನಾದರೂ ಪಾಲಿನ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ. ಗಂಡು ಮರಿಗಳನ್ನು ಮಾರುವುದು, ತಾಯಿಗಳನ್ನು ಮುಟ್ಟದೆ ಉಳಿಸಿಕೊಳ್ಳುವುದು, ಇಷ್ಟೇ ಅವರ ಅರ್ಥಶಾಸ್ತ್ರ. ಮನೆಯಲ್ಲಿ ಅತ್ತೆಯ ಮಾತಿಗೆ ಇದ್ದ ತೂಕ ಆ ಕುರಿಗಳದ್ದು ಎಂದು ನನಗೆ ಮದುವೆಯಾಗಿ ಬಂದ ವರ್ಷವೇ ಗೊತ್ತಾಗಿತ್ತು.

ಅಂಥ ಅತ್ತೆ ತಾಯಿಕುರಿಗಳನ್ನು ಮಾರಿ ಬಂದ ದುಡ್ಡನ್ನು ಪರದೇಶದ ಒಂದು ಗ್ರಾಫಿಕ್ಸ್ ಚಿಪ್ ಕಂಪನಿಯ ಷೇರಿಗೆ ಹಾಕಿದರು ಎಂದರೆ ಸುರಪುರದಲ್ಲಿ ಇವತ್ತಿಗೂ ಅರ್ಧ ಜನ ನಂಬುವುದಿಲ್ಲ. ಇನ್ನರ್ಧ ಜನ ಸೊಸೆ ಮಂಕುಬೂದಿ ಎರಚಿದಳು ಎನ್ನುತ್ತಾರೆ. ಎರಚುವಷ್ಟು ಬೂದಿ ನನ್ನಲ್ಲಿದ್ದಿದ್ದರೆ ಮೊದಲು ಗಂಡನಿಗೆ ಎರಚುತ್ತಿದ್ದೆ. ಆದದ್ದೇ ಬೇರೆ.

ನಾವು ಸುರಪುರಕ್ಕೆ ಹತ್ತಿಕೊಂಡ ರಂಗಂಪೇಟೆಯಲ್ಲಿ ಮದುವೆ ವಿಡಿಯೊ ಮಾಡುವವರು. ಕ್ಯಾಮೆರಾ ಹೊತ್ತು ಶಹಾಪುರ, ಯಾದಗಿರಿ ಎಂದು ತಿರುಗುವುದು ನಮ್ಮನೆಯವರ ಕೆಲಸ. ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ, ಬೀಗರು ಕಣ್ಣೀರು ಹಾಕುವ ಹಾಗೆ ಮಾಡುವುದು ನನ್ನ ಕೆಲಸ. ಒಳಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಎಡಿಟಿಂಗ್ ಮುಗಿದ ಮೇಲೆ ಇಡೀ ಮದುವೆಯನ್ನು ಒಂದೇ ವಿಡಿಯೊ ಆಗಿ ಕೂಡಿಸಲು ರೆಂಡರ್‌ಗೆ ಹಾಕಬೇಕು. ಹಾಕಿ ರೊಟ್ಟಿ ಬಡಿದು ಬರುತ್ತಿದ್ದೆ, ಬಟ್ಟೆ ಒಗೆದು ಬರುತ್ತಿದ್ದೆ, ಪರದೆಯ ಮೇಲಿನ ಹಸಿರು ಪಟ್ಟಿ ಹಠ ಹಿಡಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿರುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಗುತ್ತಿತ್ತು. ಆಗ ನಾನು ಬೈಯುತ್ತಿದ್ದ ಬೈಗುಳ ಕೇಳಿ ಓಣಿಯ ಹೆಂಗಸರು ಗಂಡ ಹೆಂಡಿರ ಜಗಳ ಎಂದು ತಿಳಿದು ಬಾಗಿಲಿಗೆ ಬಂದದ್ದೂ ಉಂಟು.

ಕಡೆಗೆ ಕಲಬುರಗಿಯಿಂದ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಕಂಪ್ಯೂಟರ್ ತಂದೆವು. ಮೊದಲ ದಿನ ಒಂದು ಮದುವೆಯನ್ನು ರೆಂಡರ್‌ಗೆ ಹಾಕಿ ಚಹಾಕ್ಕೆ ಇಡಲು ಹೋದೆ. ಹಾಲು ಉಕ್ಕುವ ಮೊದಲೇ ಒಳಗಿನಿಂದ ಟಿಣ್ ಎಂದಿತು. ಕೆಟ್ಟುಹೋಯಿತು ಎಂದೇ ಓಡಿಬಂದೆ. ವಿಡಿಯೊ ತೆರೆದು ನೋಡಿದರೆ ಅರಿಷಿಣದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಒಂದೂ ಬಿಡದೆ ಎಲ್ಲವೂ ಇದೆ! ಮೈ ಜುಮ್ಮೆಂದಿತು. ಅಷ್ಟು ವರ್ಷ ನನ್ನ ಆಯುಷ್ಯದಿಂದ ಕದ್ದ ಹೊತ್ತನ್ನೆಲ್ಲ ಯಾರೋ ತಂದು ಮಡಿಲಿಗೆ ಸುರಿದಂತಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದು ಆಮೇಲೆ ನೆನಪಾಯಿತು.

ಇದು ಹೇಗೆ ಸಾಧ್ಯ ಎಂದು ನಮ್ಮಣ್ಣನನ್ನು ಕೇಳಿದೆ. ಅವನು ಸಗರದಲ್ಲಿ ಗಣಿತದ ಮಾಸ್ತರ, ಫೋನಿನಲ್ಲೇ ಅಷ್ಟಿಷ್ಟು ಷೇರು ಕೊಳ್ಳುವ ಚಟವೂ ಇದೆ. ಅವನು ಹೇಳಿದ್ದು ಬಹಳ ಸರಳವಾಗಿತ್ತು. ಕಂಪ್ಯೂಟರಿನ ಮಾಮೂಲಿ ಚಿಪ್ಪಿನಲ್ಲಿ ಬಹಳ ಜಾಣರಾದ ನಾಲ್ಕೈದು ಆಳುಗಳಿರುತ್ತಾರೆ, ಹೊಲದ ಹತ್ತಿಯನ್ನೆಲ್ಲ ಅವರೇ ಬಿಡಿಸಬೇಕು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಸಾವಿರಾರು ಆಳುಗಳು, ಒಬ್ಬೊಬ್ಬರೂ ಅಂಥ ಜಾಣರಲ್ಲ. ಆದರೆ ಸಾಲಿಗೊಬ್ಬರು ನಿಂತು ಒಂದೇ ಏಟಿಗೆ ಬಿಡಿಸುತ್ತ ಹೋಗುತ್ತಾರೆ. ಪರದೆಯ ಒಂದೊಂದು ಚುಕ್ಕೆಯೂ ಒಂದೊಂದು ಸಾಲು. ಮೊದಲು ಇದನ್ನು ಮಾಡಿದ್ದು ಹುಡುಗರ ಆಟಕ್ಕಂತೆ, ಆಟದೊಳಗಿನ ಬೆಂಕಿ, ಹೊಗೆ, ನೀರು ಖರೇ ಕಾಣಬೇಕು ಎಂದು. ಈಗ ಫೋನಿನಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲಿ ಉತ್ತರ ಹೇಳುತ್ತದಲ್ಲ, ಅದನ್ನು ಕಲಿಸಿದ್ದೂ ಇಂಥ ಚಿಪ್ಪುಗಳೇ, ಗೋದಾಮಿನಂಥ ಮನೆಗಳಲ್ಲಿ ಸಾಲುಸಾಲಾಗಿ ಕೂತು. ಇದನ್ನು ಕೇಳಿದ ಮೇಲೆ ನಾನು ಆ ಕಂಪ್ಯೂಟರ್ ಡಬ್ಬಿಯ ಮೇಲೆ ಹೂವಿನ ಕುಂಡ ಇಡುವುದನ್ನು ಬಿಟ್ಟೆ.

ಅದೇ ಕಾಲಕ್ಕೆ ದೇವಾಪುರದಲ್ಲಿ ಹಿಂಡು ಕರಗುತ್ತಿತ್ತು. ಕಾಲುವೆ ನೀರು ಬಂದ ಮೇಲೆ ಸುತ್ತಮುತ್ತಲ ಬೀಳು ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಅದು ಒಳ್ಳೆಯದೇ, ಭಾವನಿಗೂ ಒಳ್ಳೆಯದಾಯಿತು. ಆದರೆ ಭತ್ತದ ನಡುವೆ ಕುರಿ ಎಲ್ಲಿ ಮೇಯಬೇಕು? ಭಾವ ಹಿಂಡು ಮಾರುತ್ತೇನೆ ಎಂದು ಹೇಳಿದ. ಅತ್ತೆ ಒಪ್ಪಿದರು. ಅವರ ಮೊಣಕಾಲೂ ಸಾಕಾಗಿತ್ತು, ಬೇರೆಯವರ ಹಿಂಡಿಗೆ ಬಿಡಲು ಮನಸ್ಸೂ ಇರಲಿಲ್ಲ. ಕುರಿಗಳು ಹೋದವು, ದುಡ್ಡು ಬಂತು, ಅತ್ತೆ ರಂಗಂಪೇಟೆಯ ನಮ್ಮ ಮನೆಗೆ ಬಂದು ಕುಳಿತರು. ಬಂಗಾರ ತಗೊಳ್ಳಿ ಎಂದು ಒಬ್ಬರು, ಯಾದಗಿರಿಯಲ್ಲಿ ಪ್ಲಾಟ್ ಹಿಡಿಯಿರಿ ಎಂದು ಇನ್ನೊಬ್ಬರು.

“ಬಂಗಾರ ಈಯಂಗಿಲ್ಲ, ಪ್ಲಾಟ್ ಮರಿ ಹಾಕಂಗಿಲ್ಲ,” ಅಂದರು ಅತ್ತೆ. “ನನಗ ಈಯೋದು ಬೇಕು. ಕೂತು ತಿಂದ್ರ ದುಡ್ಡು ಎಷ್ಟು ದಿನ ಬರತದ? ಅದು ಖಾಲಿ ಆದ ಮ್ಯಾಲ ನಾ ನಿಮ್ಮ ಮುಖಾ ನೋಡ್ಕೋತ ಕುಂದ್ರಬೇಕು. ಅದು ನನ್ನ ಕೈಲೆ ಆಗಂಗಿಲ್ಲ ನೋಡವಾ.”

ಆ ಮಾತಿನಲ್ಲಿ ಅಳುಕು ಇತ್ತು. ಅತ್ತೆಯ ದನಿಯಲ್ಲಿ ಅಳುಕು ಕೇಳಿದ್ದು ನಾನು ಅದೇ ಮೊದಲು.

ಆಮೇಲೆ ಬಂದದ್ದು ದೇವಾಪುರದ ನೆಂಟರೊಬ್ಬರ ಮದುವೆ. ಅರಿಷಿಣ ಹಚ್ಚುವಾಗ ಅತ್ತೆ ಮತ್ತು ಇನ್ನಿಬ್ಬರು ಹೆಂಗಸರು ಸೋಬಾನ ಪದ ಹಾಡಿದ್ದರು. ಅತ್ತೆಯ ದನಿ ಸುತ್ತಲ ಹಳ್ಳಿಗಳಲ್ಲಿ ಹೆಸರಾದದ್ದು. ಆದರೆ ಹೊರಗೆ ಡಿಜೆ ಡಬ್ಬಿಗಳು! ವಿಡಿಯೊದಲ್ಲಿ ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು, ಕಿವಿಗೆ ಬೀಳುತ್ತಿದ್ದುದು ಧಡ್ ಧಡ್ ಧಡ್. ಸದ್ದಿನೊಳಗಿಂದ ಮನುಷ್ಯರ ದನಿಯನ್ನು ಬೇರ್ಪಡಿಸುವ ಒಂದು ಹೊಸ ಸಾಫ್ಟ್‌ವೇರ್ ಬಂದಿದೆ, ಅದು ಈ ಕಾರ್ಡಿನ ಮೇಲೆಯೇ ಓಡುತ್ತದೆ ಎಂದು ಕೇಳಿದ್ದೆ. ಹಾಕಿ ನೋಡಿದೆ. ಫ್ಯಾನು ಜೋರಾಗಿ ತಿರುಗಿತು, ಪರದೆಯ ಮೇಲೆ ಒಂದಿದ್ದ ಸದ್ದಿನ ಗೆರೆ ಎರಡಾಯಿತು, ಮೇಲಿನದು ದನಿಯದು, ಕೆಳಗಿನದು ಡಿಜೆಯದು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ಮಾತ್ರ ಹಚ್ಚಿದೆ.

ಅತ್ತೆ ಬಾಗಿಲ ಹತ್ತಿರ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕೈ ಹಾಗೇ ನಿಂತಿತು.

“ಯಾರಾಕಿ ಹಾಡಾಕತ್ತಾಳ?”

“ನೀವೇ ಅತ್ತಿ.”

“ಹುಚ್ಚಿ ಏನ ನೀ? ಆವತ್ತು ನನ್ನ ದನಿ ನನಗ ಕೇಳಿಲ್ಲ.”

ನಾನು ಮತ್ತೆ ಮೊದಲಿನಿಂದ ಹಚ್ಚಿದೆ. ಖಾಲಿ ಕೋಣೆಯಲ್ಲಿ ಕುಳಿತು ಹಾಡಿದ ಹಾಗೆ, ಉಳಿದಿಬ್ಬರ ದನಿಗಿಂತ ಮೇಲೆ, ಅವರ ದನಿ ಬಂತು. ಸಾಲಿನ ಕೊನೆಗೆ ಉಸಿರು ಎಳೆದುಕೊಂಡದ್ದು ಸಹ ಕೇಳಿಸಿತು. ಜೊತೆಗಿದ್ದ ಹೆಂಗಸೊಬ್ಬಳು ಸಣ್ಣಗೆ ಕೆಮ್ಮಿದ್ದು ಕೇಳಿಸಿತು. ಅತ್ತೆ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಎಷ್ಟು ಹೊತ್ತು ನಿಂತರೋ, ನಾನೂ ತಿರುಗಿ ನೋಡಲಿಲ್ಲ. ನಾನು ಆ ಯಂತ್ರದ ಮುಂದೆ ದಿನವೂ ಕೂರುವವಳು, ನನಗೇ ಅದು ಪವಾಡದಂತೆ ಕಂಡಿತ್ತು. ಅವರಿಗೆ ಏನು ಕಂಡಿತೋ.

“ಆ ಡಿಜೆ ಡಬ್ಬಿ ಸಪ್ಪಳ ಎಲ್ಲಿ ಹೋತು?”

“ಸೋಸಿ ಬ್ಯಾರೆ ಇಟ್ಟದ ಅತ್ತಿ. ಈ ಕಾರ್ಡ್ ಮಾಡ್ತದ.”

“ತಗದು ತೋರಿಸು.”

ಕರೆಂಟು ತೆಗೆದು, ಡಬ್ಬಿಯ ಬಾಗಿಲು ಬಿಚ್ಚಿ, ಧೂಳು ಊದಿ, ಕಾರ್ಡನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ತೂಗಿದರು, ತಿರುಗಿಸಿ ಹೊಟ್ಟೆ ನೋಡಿದರು, ಬೆನ್ನು ನೋಡಿದರು. ಸಂತೆಯಲ್ಲಿ ಕುರಿ ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುವವರು ಅವರು. ಇಲ್ಲಿ ನೋಡಲು ಫ್ಯಾನು, ಕಬ್ಬಿಣದ ತಗಡು ಇಷ್ಟೇ. ಚಿಪ್ಪು ಅದರ ಕೆಳಗೆ ಮುಚ್ಚಿಕೊಂಡಿರುತ್ತದೆ, ಹೆಚ್ಚೆಂದರೆ ಎರಡು ಹೆಬ್ಬೆರಳಿನ ಅಗಲ ಎಂದು ಹೇಳಿದೆ. ಅಣ್ಣ ಹೇಳಿದ ಹತ್ತಿ ಬಿಡಿಸುವ ಆಳುಗಳ ಮಾತನ್ನೂ ಹೇಳಿದೆ. ಅಷ್ಟರಲ್ಲಿ ಸಾವಿರಾರು ಆಳುಗಳೇ ಎಂದು ಅವರು ನಕ್ಕರು. ನಗು ನಿಂತ ಮೇಲೆ ಕೇಳಿದರು: “ಇದನ್ನ ಮಾಡೋರ ಹಿಂಡಿನಾಗ ನಮಗೂ ಒಂದಿಷ್ಟು ಸಿಗತಾವೇನು?”

ಷೇರು ಕೊಳ್ಳಬಹುದೇ ಎಂಬುದನ್ನು ಅದಕ್ಕಿಂತ ಸರಿಯಾಗಿ ಯಾರೂ ಕೇಳಲಾರರು. ಆದರೆ ನಾನು ತಕ್ಷಣ ಹೂಂ ಅನ್ನಲಿಲ್ಲ. ಅತ್ತೆಯನ್ನು ಕರೆದುಕೊಂಡು ಸಗರಕ್ಕೆ, ಅಣ್ಣನ ಮನೆಗೆ ಹೋದೆ.

ಅಣ್ಣ ಕೇಳಿದವನೇ ತಲೆ ಅಲ್ಲಾಡಿಸಿದ. ಒಂದು ಕಾಲಕ್ಕೆ ನಮ್ಮ ಕಡೆ ಹತ್ತಿ ಬೀಜದ ಒಂದು ತಳಿಗೆ ಎಂಥ ಹುಚ್ಚು ಹಿಡಿದಿತ್ತು ಎಂದು ನೆನಪು ಮಾಡಿದ. ಶಹಾಪುರದ ಬೀಜದ ಅಂಗಡಿಯ ಮುಂದೆ ಬೆಳಗಾಗುವ ಮೊದಲೇ ಸಾಲು, ಚಪ್ಪಲಿಗಳನ್ನು ಸಾಲಿನಲ್ಲಿ ಬಿಟ್ಟು ಚಹಾಕ್ಕೆ ಹೋಗುವುದು, ಒಂದು ಪಾಕೀಟಿಗೆ ಕೈ ಕೈ ಮಿಲಾಯಿಸುವುದು. ನಮ್ಮಪ್ಪನೂ ಆ ಸಾಲಿನಲ್ಲಿದ್ದವನೇ.

“ಆ ಬೀಜದ ಹೆಸರು ಈಗ ಯಾರ ಬಾಯಾಗ ಅದ ಹೇಳ್ರಿ ಅತ್ತಿ?” ಅಂದ ಅಣ್ಣ. “ಹುಳ ಬಿತ್ತು, ಮಂದಿ ಬ್ಯಾರೆ ಬೀಜಕ್ಕ ಹೋದ್ರು. ಎಲ್ಲರ ಕಿಸೆದಾಗ ಇದ್ದ ಗುಂಡಿ ಫೋನ್ ಎಲ್ಲಿ ಹೋತು? ಈ ಚಿಪ್ಪಿಂದೂ ಹಂಗ. ಇವತ್ತು ಇವರೇ ರಾಜ. ಹತ್ತು ವರ್ಷಕ್ಕ?”

ನಾನು ಸುಮ್ಮನಿರುವವಳಲ್ಲ. ಬೀಜ ಬದಲಿಸಿದರೆ ರೈತನ ಕೈ ಬದಲಾಗುವುದಿಲ್ಲ, ಅದೇ ಕೂರಿಗೆ, ಅದೇ ಕುಂಟೆ. ಇಲ್ಲಿ ಹಾಗಲ್ಲ ಎಂದೆ. ನಾವೇ ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಕಂಪನಿಯ ಕಾರ್ಡು ತಂದಿದ್ದೆವು. ನನಗೆ ಬೇಕಾದ ಸಾಫ್ಟ್‌ವೇರ್ ಅದರ ಮೇಲೆ ಸರಿಯಾಗಿ ಓಡಲಿಲ್ಲ, ತಿರುಗಿ ಕೊಟ್ಟೆವು. ಸಾಫ್ಟ್‌ವೇರ್ ಬರೆಯುವವರು ಇವರ ಚಿಪ್ಪಿಗೇ ಬರೆಯುತ್ತಾರೆ, ಕಾಲೇಜಿನಲ್ಲಿ ಕಲಿಯುವವರು ಇದರ ಮೇಲೆಯೇ ಕಲಿಯುತ್ತಾರೆ. ಬಿಡಬೇಕೆಂದರೆ ಕಲಿತದ್ದನ್ನೆಲ್ಲ ಬಿಟ್ಟು ಹೊಸದಾಗಿ ಕಲಿಯಬೇಕು. ಅಷ್ಟು ಸುಲಭಕ್ಕೆ ಯಾರು ಬಿಡುತ್ತಾರೆ?

“ನಿನ್ನಂಥಾ ಸಣ್ಣ ಗಿರಾಕಿ ಬಿಡಂಗಿಲ್ಲ,” ಅಂದ ಅಣ್ಣ. “ಗೋದಾಮುಗಟ್ಟಲೆ ಕೊಳ್ಳೋರು ಅದಾರಲ್ಲ, ಅವರು ಎಷ್ಟು ದಿನ ಹೇಳಿದ ರೇಟು ಕೊಡತಾರ? ತಮ್ಮ ಚಿಪ್ಪು ತಾವೇ ಮಾಡ್ಕೋತೀವಿ ಅಂದ್ರ? ಆಮ್ಯಾಲ ಈ ಕಂಪನಿಗೆ ಸ್ವಂತ ಕಾರ್ಖಾನಿ ಸುದ್ದಾ ಇಲ್ಲ. ನಕ್ಷಿ ಇವರದು, ಮಾಡಿ ಕೊಡೋರು ಬ್ಯಾರೆ ದೇಶದವರು. ಅಲ್ಲಿ ಏನರ ಆತಂದ್ರ?”

ಅಣ್ಣ ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದೂ ಸುಳ್ಳಲ್ಲ. ಅಷ್ಟು ದೊಡ್ಡದನ್ನು ಮಾಡಿದವರು ಅಷ್ಟೇ ದೊಡ್ಡದಾಗಿ ಬೀಳಲೂಬಹುದು ಎಂದು ನನಗೂ ಹೊಳೆಯಿತು. ಅತ್ತೆ ಇಷ್ಟು ಹೊತ್ತು ಎಲೆ ಮೆಲ್ಲುತ್ತ ಕುಳಿತವರು ಎದ್ದು ಉಗುಳಿ ಬಂದರು.

“ನಿಮ್ಮಿಬ್ಬರ ಮಾತು ಬೆಳಗಾಗೋತನ ಮುಗಿಯಂಗಿಲ್ಲ. ಗಂಡು ಮರಿ ಮಾರಿದ ದುಡ್ಡು ಬ್ಯಾಂಕಿನಾಗ ಇರ್ಲಿ. ತಾಯಿಗಳ ದುಡ್ಡು ಇದಕ್ಕ ಹಾಕು.”

“ಯಾಕ್ರಿ ಅತ್ತಿ, ಇಷ್ಟು ಹೇಳಿದ ಮ್ಯಾಲೂ?” ಅಂದ ಅಣ್ಣ.

“ಅದು ನನ್ನ ದನಿ ನನಗ ಕೇಳಿಸ್ಯದ, ಮಾಸ್ತರ.”

ಹೂಡಿಕೆಗೆ ಇದು ಕಾರಣವೇ? ಅಲ್ಲ. ಅಣ್ಣ ಹಣೆ ಬಡಿದುಕೊಂಡ. ಆದರೆ ಬೆರಗು ಹುಟ್ಟಿದ ಮೇಲೆ ಮನುಷ್ಯರು ಹೀಗೇ ಮಾಡುತ್ತಾರೆ, ನಾನು ಮಾಡಿದ್ದೂ ಅದನ್ನೇ. ಲೆಕ್ಕ ಆಮೇಲೆ ಹುಡುಕಿಕೊಂಡೆ, ಮೊದಲು ಬೆರಗಾದೆ.

ಖಾತೆ ಅತ್ತೆಯ ಹೆಸರಿನಲ್ಲೇ ಆಯಿತು. ಫೋನು ಅವರ ಮುಖ ನೋಡಬೇಕಿತ್ತು. ಕಣ್ಣು ಪಿಳುಕಿಸಿ, ತಲೆ ಬಲಕ್ಕೆ ಹೊರಳಿಸಿ ಎಂದು ಅದು ಹೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡು, “ಹೆಣ್ಣು ನೋಡಾಕ ಬಂದಾರೇನು?” ಎಂದು ಗದರಿದರು. ಬ್ಯಾಂಕಿನ ಕಾಗದ ಪತ್ರಗಳ ಓಡಾಟವನ್ನು ನಮ್ಮನೆಯವರು ಗೊಣಗುತ್ತಲೇ ಮುಗಿಸಿದರು. ಷೇರುಗಳು ಬಂದವು. ಕಾಯುವವಳು ನಾನು, ಏಕೆಂದರೆ ಅವು ಇದ್ದದ್ದು ನನ್ನ ಫೋನಿನಲ್ಲಿ.

ಕುರಿ ಸಾಕುವವರಲ್ಲಿ ಒಂದು ಪದ್ಧತಿ ಇದೆ. ಹಿಂಡಿನಲ್ಲಿ ಎಷ್ಟಿವೆ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ, ಕೇಳುವುದೂ ಇಲ್ಲ. ದೃಷ್ಟಿಯಾಗುತ್ತದೆ. ಅತ್ತೆ ಈ ಪದ್ಧತಿಯನ್ನು ಷೇರಿಗೂ ತಂದರು. ರೇಟು ಎಷ್ಟಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ನಾನು ಹೇಳಲು ಹೋದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ, “ಎಲ್ಲಾ ಸುರಳೀತ ಅದಾವೇನು?” ಎಂದು ಕೇಳುವರು. ನಾನು “ಅದಾವ ಅತ್ತಿ” ಎನ್ನುವೆ. ಅಷ್ಟೇ. ನಾನು ಮಾತ್ರ ಒಳಗೆ ಕುಳಿತು ನೋಡುತ್ತಿದ್ದೆ. ಅದು ಏರುತ್ತಿತ್ತು. ಏರಿದ್ದು ಇನ್ನೂ ಏರುತ್ತಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನಮ್ಮ ಶಹಾಪುರದ ಬೀಜದ ಅಂಗಡಿಯ ಮುಂದಿನ ರೈತರ ಹಾಗೆ ಆ ಚಿಪ್ಪಿಗಾಗಿ ಸಾಲು ನಿಂತಿವೆ ಎಂದು ಸುದ್ದಿಯಲ್ಲಿ ಬರುತ್ತಿತ್ತು. ದೇವಾಪುರದ ಕುರಿಗಳು ಆ ಸಾಲಿನ ಆಚೆ ಕಡೆ, ಅಂಗಡಿಯ ಒಳಗೆ ನಿಂತಿವೆಯಲ್ಲ ಎಂದು ನೆನೆದು ನನಗೆ ಒಬ್ಬಳಿಗೇ ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಹೀಗಿರುವಾಗ ಕಂಪನಿ ತನ್ನ ಒಂದೊಂದು ಷೇರನ್ನು ಐದೈದಾಗಿ ಒಡೆಯಿತು. ರೇಟು ಬಹಳ ಮೇಲೆ ಹೋದಾಗ ಹೀಗೆ ಮಾಡುತ್ತಾರೆ, ಸಣ್ಣವರಿಗೂ ಕೊಳ್ಳಲು ಬರಲಿ ಎಂದು. ಒಂದಿದ್ದದ್ದು ಐದಾಗುತ್ತದೆ, ಆದರೆ ಒಂದೊಂದರ ಬೆಲೆಯೂ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಒಟ್ಟು ಇದ್ದಷ್ಟೇ. ಆ ಸಂಜೆ ಅತ್ತೆ ಎಂದಿನಂತೆ ಕೇಳಿದಾಗ ನಾನು ಯಾವುದೋ ಮದುವೆಯ ಎಡಿಟಿಂಗ್ ಅವಸರದಲ್ಲಿದ್ದೆ. “ಅದಾವ ಅತ್ತಿ. ಒಂದೊಂದು ಐದೈದು ಆಗ್ಯಾವ,” ಎಂದೆ. ಬೆಲೆಯ ಮಾತು ಹೇಳಬಾರದ ಮನೆಯಲ್ಲಿ ಅದರ ಮುಂದಿನದನ್ನು ಹೇಳಲು ನನಗೆ ತೋಚಲೂ ಇಲ್ಲ.

ಅತ್ತೆ ಮರುದಿನ ಗೋಧಿ ಹುಗ್ಗಿ ಮಾಡಿದರು. ಕಂಪ್ಯೂಟರ್ ಡಬ್ಬಿಗೆ ಭಂಡಾರ, ದೇವರ ಅರಿಷಿಣದ ಪುಡಿ, ಹಚ್ಚಿದರು. ಇದ್ಯಾವ ಹಬ್ಬ ಎಂದು ನಾನು ಕೇಳಿದ್ದಕ್ಕೆ ನಕ್ಕರು. ಹುಗ್ಗಿ ಚೆನ್ನಾಗಿತ್ತು, ನಾನೂ ತಿಂದು ಕೆಲಸಕ್ಕೆ ಕುಳಿತೆ.

ಆ ವಾರವೇ ಯಾದಗಿರಿಯಲ್ಲಿ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಹೆಣ್ಣು ಕೂಸು. ಅತ್ತೆಯ ಮನೆತನದಲ್ಲಿ ಹೆಣ್ಣು ಹುಟ್ಟಿದರೆ ತಾಯಿಯ ತವರಿನವರು ತೊಟ್ಟಿಲಿಗೆ ಒಂದು ಹೆಣ್ಣು ಮರಿ ಬಿಡುತ್ತಾರೆ. ಅದರ ಸಂತಾನ ಆ ಹುಡುಗಿಯದು. ಅವಳು ದೊಡ್ಡವಳಾಗಿ ತಾನೇ ಬೇಕು, ಬೇಡ ಎಂದು ಹೇಳುವವರೆಗೆ ಅದನ್ನು ಯಾರೂ ಮಾರುವಂತಿಲ್ಲ, ಹೆತ್ತಪ್ಪನೂ ಮಾರುವಂತಿಲ್ಲ. ಕುರಿ ಇಲ್ಲದ ಅಜ್ಜಿ ಏನು ಬಿಡುತ್ತಾಳೆ ಎಂದು ಬೀಗರ ಕಡೆಯ ಹೆಂಗಸರು ಪಿಸುಗುಡುತ್ತಿದ್ದರು. ಅದು ಅತ್ತೆಯ ಕಿವಿಗೂ ಬಿದ್ದಿರಬೇಕು. ತೊಟ್ಟಿಲ ಹತ್ತಿರ ಹೋಗಿ, ಕೂಸಿನ ಹಣೆಗೆ ಭಂಡಾರ ಹಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ನನ್ನವು ಒಂದೊಂದಕ್ಕ ನಾಕು ಹುಟ್ಯಾವ. ಹುಟ್ಟಿದ್ದರಾಗ ಅರ್ಧ ಕಾಯ್ದಾಕಿ ಹಕ್ಕ, ಅದು ನನ್ನ ಸೊಸಿದು. ಉಳಿದ ಅರ್ಧ ಪೂರಾ ಈ ಕೂಸಿಂದು. ನನಗ ನನ್ನ ತಾಯಿಗಳು ಸಾಕು.”

ಹೆಂಗಸರು ಬೆರಗಾಗಿ ನೋಡಿದರು. ನಾದಿನಿಯ ಕಣ್ಣು ತುಂಬಿ ಬಂತು. ನನಗೆ ಆಗ ತಿಳಿಯಿತು, ಒಡೆದದ್ದನ್ನು ಅತ್ತೆ ಈದದ್ದು ಎಂದುಕೊಂಡಿದ್ದಾರೆ. ಐದರಲ್ಲಿ ನಾಲ್ಕು ಭಾಗವನ್ನು ಈಕೆ ಈಗ ದಾನ ಮಾಡಿದಳಲ್ಲ! ಎದ್ದು ನಿಂತು ಅತ್ತೀ, ಹಾಗಲ್ಲ ಎನ್ನಬೇಕು. ಬೀಗರ ಮನೆ, ತೊಟ್ಟಿಲು, ಭಂಡಾರ ಮೆತ್ತಿದ ಕೈ. ಅಲ್ಲಿ ಹೇಳುವ ಮಾತಾಗಿರಲಿಲ್ಲ ಅದು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದೆ. ಶಹಾಪುರ ದಾಟುವವರೆಗೂ ಎದೆ ಗಟ್ಟಿ ಮಾಡಿಕೊಳ್ಳುತ್ತ ಬಂದು ಆಮೇಲೆ ಹೇಳಿದೆ. ಮಾತಿನಲ್ಲಿ ತಿಳಿಯಲಿಲ್ಲ. ಗಂಟಿನಿಂದ ಒಂದು ಸಜ್ಜೆ ರೊಟ್ಟಿ ತೆಗೆದು ಅವರ ಮಡಿಲಲ್ಲಿ ಐದು ತುಂಡು ಮಾಡಿದೆ. “ಇದು ಈದದ್ದಲ್ಲ ಅತ್ತಿ. ರೊಟ್ಟಿ ಅಷ್ಟ ಅದ. ತುಂಡು ಐದು ಆಗ್ಯಾವ.”

ಅವರು ಮಡಿಲನ್ನೇ ನೋಡುತ್ತ ಕುಳಿತರು. ಕಿಟಕಿಯ ಹೊರಗೆ ಭತ್ತದ ಗದ್ದೆಗಳು ಓಡುತ್ತಿದ್ದವು. “ಹಂಗಂದ್ರ ನನಗ ಉಳಿದದ್ದು ಇದೊಂದ ತುಂಡು,” ಎಂದರು. ಒಂದು ತುಂಡನ್ನು ಬೇರೆ ಇಟ್ಟರು. ಎಂದೂ ಯಾರ ಮುಖವನ್ನೂ ನೋಡಬಾರದು ಎಂದು ಬದುಕಿದ ಹೆಂಗಸು ಒಂದು ಮಾತಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕೊಟ್ಟು ಬಂದಿದ್ದಳು. ನನಗೆ ಅಳು ಬಂತು.

“ನನ್ನ ಪಾಲು ನನಗ ಬ್ಯಾಡ್ರಿ. ವಾಪಸ್ ಕೊಡತೀನಿ.”

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಬಂದಿತ್ತು. “ನೀ ಯಾರ ವಾಪಸ್ ಕೊಡಾಕ? ಪಾಲು ಹುಟ್ಟಿದ್ದರಾಗ ಇರತದ. ಏನೂ ಹುಟ್ಟಿಲ್ಲ ಅಂದ ಮ್ಯಾಲ ನಿನಗೆಲ್ಲಿ ಪಾಲು?” ಎಂದು ಎರಡು ತುಂಡು ಎತ್ತಿ ತಮ್ಮ ಕಡೆ ಇಟ್ಟುಕೊಂಡರು. ನಾನು ಅಳುತ್ತಲೇ ನಕ್ಕುಬಿಟ್ಟೆ.

“ಕೂಸಿಂದು? ಅದೂ ಹುಟ್ಟಿಲ್ಲಲ್ರಿ.”

ಉಳಿದ ಎರಡು ತುಂಡುಗಳನ್ನು ಅವರು ಮುಟ್ಟಲಿಲ್ಲ. “ಕೂಸಿಗೆ ಭಂಡಾರ ಹಚ್ಚಿ ಹೇಳೀನಿ. ಅದು ಹಂಗ ಇರ್ಲಿ.”

ಆ ಎರಡು ಭಾಗದಿಂದ ನನ್ನ ಪ್ರಶ್ನೆ ಬೇರೆಯಾಯಿತು. ಅಲ್ಲಿಯವರೆಗೆ ನಾನು ಕೇಳಿಕೊಳ್ಳುತ್ತಿದ್ದದ್ದು ಇದು ಇನ್ನೂ ಏರುತ್ತದೆಯೇ ಎಂದು. ಈಗ ತೊಟ್ಟಿಲಲ್ಲಿ ಮಲಗಿದ ಹುಡುಗಿ ಬೆಳೆದು ತನ್ನ ಮಾತು ತಾನು ಆಡುವವರೆಗೆ ಈ ಕಂಪನಿ ಇರಬೇಕು, ರಾಜನಾಗಿಯೇ ಇರಬೇಕು. ಇದನ್ನು ಯಾರು ಹೇಳಬಲ್ಲರು? ನಾನು ಓದಿದೆ, ಅಣ್ಣನ ಜೊತೆ ಫೋನಿನಲ್ಲಿ ಜಗಳವಾಡಿದೆ. ಪ್ರತಿ ಕೆಲವು ವರ್ಷಕ್ಕೆ ಹಳೆಯ ಕಾರ್ಡಿನಲ್ಲಿ ಹೊಸ ಸಾಫ್ಟ್‌ವೇರ್ ಓಡುವುದಿಲ್ಲ, ನಮ್ಮಂಥವರು ಮತ್ತೆ ಕೊಳ್ಳಲೇಬೇಕು. ಅವರ ಹಿಂಡು ಈಯುವುದು ನಮ್ಮ ಮನೆಗಳಲ್ಲಿ ಎಂದು ಹೊಳೆದಾಗ ನನಗೆ ಅವರ ಜಾಣತನಕ್ಕೆ ಮೈನವಿರೆದ್ದಿತು. ಅದೇ ಹೊತ್ತಿಗೆ, ನಾನು ಮುಂದಿನ ಸಲ ಬೇರೆಯವರದನ್ನು ಕೊಂಡರೆ ಆಯಿತಲ್ಲ, ಅಷ್ಟೇ ಅಲ್ಲವೇ ಅವರ ಬಲ ಎಂದೂ ಅನ್ನಿಸಿತು. ಬೆಟ್ಟದಂತೆ ಕಾಣುವುದು ನಮ್ಮಂಥ ಕೋಟಿ ಜನರ ಅಭ್ಯಾಸದ ಮೇಲೆ ನಿಂತಿದೆ. ಅಭ್ಯಾಸ ಕಲ್ಲಿಗಿಂತ ಗಟ್ಟಿ ಇರಬಹುದು, ಒಂದೇ ವರ್ಷದಲ್ಲಿ ಕರಗಲೂಬಹುದು.

ಆಮೇಲೆ ಒಂದು ಸಲ ಅದು ಬಿತ್ತು. ದೊಡ್ಡ ಗಿರಾಕಿಗಳು ತಮ್ಮ ಚಿಪ್ಪು ತಾವೇ ಮಾಡಿಕೊಳ್ಳುತ್ತಾರಂತೆ ಎಂಬ ಸುದ್ದಿ, ಅದರ ಹಿಂದೆ ಇನ್ನೊಂದು ಸುದ್ದಿ. ಅಣ್ಣ ಹೇಳಿದ ಮಾತುಗಳೇ ಒಂದೊಂದಾಗಿ ಟಿವಿಯಲ್ಲಿ ಬರುತ್ತಿದ್ದವು. ಪುಣ್ಯಕ್ಕೆ ಅವನು ಫೋನು ಮಾಡಿ ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಸಂಜೆ ಅತ್ತೆ ಕೇಳಿದಾಗ ಸುರಳೀತ ಇವೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಪದ್ಧತಿ ಮುರಿದು ಎಲ್ಲವನ್ನೂ ಹೇಳಿದೆ. ಈಗಲೂ ಹಾಕಿದ್ದಕ್ಕಿಂತ ಹೆಚ್ಚೇ ಇದೆ, ಆದರೆ ನಾಳೆಯದು ನನಗೆ ಗೊತ್ತಿಲ್ಲ ಎಂದೆ.

ಅವರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಬೆಳಿಗ್ಗೆ, “ನಂದು ಮಾರಿಬಿಡು,” ಎಂದರು. “ನನಗ ಕಾಯೋ ಅಷ್ಟು ಆಯುಷ್ಯ ಇಲ್ಲ. ಕೂಸಿಗೆ ಅದ. ಅಕಿಂದು ಮುಟ್ಟಬ್ಯಾಡ.”

ಅವರ ಭಾಗ ಮಾರಿದೆ. ದುಡ್ಡು ಬರಲು ಕೆಲವು ದಿನ ಹಿಡಿಯಿತು. ಸುರಪುರದ ಬ್ಯಾಂಕಿಗೆ ಇಬ್ಬರೂ ಹೋಗಿ ಅವರ ಹೆಸರಿನಲ್ಲೇ ತಿಂಗಳು ತಿಂಗಳು ಬಡ್ಡಿ ಬರುವ ಹಾಗೆ ಇಟ್ಟೆವು. ಕ್ಲರ್ಕು ನಾಮಿನಿ ಯಾರು, ಮಕ್ಕಳೇ ಎಂದು ಕೇಳಿದಾಗ ಅತ್ತೆ ಗತ್ತಿನಿಂದ, “ಆಮ್ಯಾಲ ಹೇಳತೀನಿ,” ಎಂದರು. ಇನ್ನು ಅವರು ಯಾರ ಮುಖವನ್ನೂ ನೋಡಬೇಕಿಲ್ಲ ಎಂದು ನನಗೆ ಹೂವೆತ್ತಿದಷ್ಟು ಹಗುರವಾಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಮೊಣಕಾಲು ನೋಯುತ್ತಿದೆ ಎಂದು ತಿಳಿದು ನಾನೂ ಕುಳಿತೆ. ಅವರು ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನ್ನ ಕೈ ಹಿಡಿದವರಲ್ಲ.

“ನಾ ಯಾರಿಗೂ ಏನೂ ಕೇಳಿಲ್ಲ. ನಿನಗ ಒಂದು ಕೇಳತೀನಿ.”

“ಕೇಳ್ರಿ ಅತ್ತಿ.”

“ಕೂಸಿಂದು ನಿನ್ನ ಜಿಮ್ಮಾ, ನೀನ ನೋಡ್ಕೋಬೇಕು. ದೊಡ್ಡಾಕಿ ಆಗೋತನ ಮಾರಬಾರದು ಅಂತ ಎಲ್ಲರ ಮುಂದ ಹೇಳೀನಿ. ಖರೇ. ಆದ್ರ ಆ ಕಂಪನಿ ಮುಳಗಾಕತ್ತದ ಅಂತ ನಿನಗ ಗೊತ್ತಾದ ದಿನ, ಅತ್ತಿ ಹೇಳ್ಯಾಳ ಅಂತ ಕೈ ಕಟಗೊಂಡು ಕುಂದ್ರಬ್ಯಾಡ. ಮಾರಿಬಿಡು. ನನ್ನ ಮಾತು ನೀ ಮುರಿ.”

ಕೊಟ್ಟ ಮಾತಿಗಾಗಿ ಬಸ್ಸಿನಲ್ಲಿ ತಮ್ಮ ಎರಡು ತುಂಡು ರೊಟ್ಟಿ ಬಿಟ್ಟವರು ಇವರೇ ಏನು? ನಾನು ಅವರ ಮುಖ ನೋಡಿದೆ.

“ಮಂದಿ ಏನಂತಾರ್ರಿ? ಅಜ್ಜಿ ಕೊಟ್ಟದ್ದನ್ನ ಸೊಸಿ ಮಾರ್ಕೊಂಡು ತಿಂದಳು ಅಂತಾರ.”

“ಅಂತಾರ,” ಅಂದರು ಅತ್ತೆ. “ಅದಕ್ಕ ಕೇಳಾಕತ್ತೀನಿ.”

ನಾನು ಹೂಂ ಅಂದೆ. ಅವರು ಕೈ ಬಿಡಲಿಲ್ಲ. ಆ ಕೈ ಹಿಡಿದುಕೊಂಡೇ ಎದ್ದರು.